ಬಲಕ್ಕೆ ತಿರುಗಿದ ಮೀನು

ಪೆಟ್ಟಿಗೆಯಲ್ಲಿ ಮೀನು ಇತ್ತು. ಆದರೆ ಅದು ನಮ್ಮ ಮೀನಲ್ಲ.

ಡಿಸೆಂಬರ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆ. ಶ್ರೀನಿವಾಸಪುರದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವನ್ನು ಮುಚ್ಚಿ, ಅಲ್ಲಿದ್ದ ಮಾದರಿಗಳನ್ನೆಲ್ಲ ಕೋಲಾರದ ಇನ್ನೊಂದು ಕಾಲೇಜಿಗೆ ಕಳಿಸಬೇಕೆಂದು ಆದೇಶ ಬಂದಿತ್ತು. ಎರಡು ವರ್ಷದಿಂದ ಆ ವಿಷಯಕ್ಕೆ ಹೊಸಬರು ಯಾರೂ ಸೇರಿರಲಿಲ್ಲ. ಕೊನೆಗೆ ಉಳಿದಿದ್ದ ಮೂವರು ಹುಡುಗಿಯರೂ ಕೋಲಾರಕ್ಕೆ ಹೋಗಿಯಾಗಿತ್ತು. ವಿಭಾಗದಲ್ಲಿ ಉಳಿದವಳು ನಾನೊಬ್ಬಳೇ. ಹೆಸರು ಮಾನಸ, ಅತಿಥಿ ಉಪನ್ಯಾಸಕಿ, ಆರು ವರ್ಷದಿಂದ ಮುಳಬಾಗಿಲಿನಿಂದ ಬಸ್ಸಿನಲ್ಲಿ ಬಂದು ಹೋಗುವವಳು. ಪಟ್ಟಿ ಹಿಡಿದು ಒಂದೊಂದೇ ಜಾಡಿಗೆ ಗುರುತು ಹಾಕುವುದು ಅಲ್ಲಿ ನನ್ನ ಕೊನೆಯ ಕೆಲಸ.

ಹಾವು, ಕಪ್ಪೆ, ಚೇಳು, ಹಲ್ಲಿ — ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಹನ್ನೊಂದು ಜಾಡಿಗಳು. ಅವು ಮುಗಿದ ಮೇಲೆ ಮೂಲೆಯಲ್ಲಿ ಗಾಜಿನ ಮುಚ್ಚಳದ ಮರದ ಪೆಟ್ಟಿಗೆ. ಅದರೊಳಗೆ ಆಸ್ಟಿಯೋಲೆಪಿಸ್.

ಗೇಣುದ್ದದ ಬೂದು ಕಲ್ಲು. ಅದರಲ್ಲಿ ಕಪ್ಪಗೆ ಮಿನುಗುವ, ಚೌಕ ಚೌಕ ಹುರುಪೆಯ ಮೀನು. ಸುಮಾರು ಮೂವತ್ತೊಂಬತ್ತು ಕೋಟಿ ವರ್ಷದ ಹಿಂದೆ ಸ್ಕಾಟ್ಲೆಂಡಿನ ಒಂದು ಸರೋವರದಲ್ಲಿ ಈಜಾಡಿಕೊಂಡಿದ್ದು, ಕೆಸರಿನಲ್ಲಿ ಹೂತು ಕಲ್ಲಾದದ್ದು. ಈಗ ಅದರ ವಂಶವೇ ಇಲ್ಲ. ಅದರ ಈಜುರೆಕ್ಕೆಯ ಬುಡದಲ್ಲಿ ತೋಳಿನ ಹಾಗೆ ಮಾಂಸವಿತ್ತು, ಮಾಂಸದೊಳಗೆ ಮೂಳೆಯಿತ್ತು. ಕಾಲುಳ್ಳ ಪ್ರಾಣಿಗಳೆಲ್ಲ ಅಂಥ ರೆಕ್ಕೆಯ ಮೀನುಗಳ ಬಳಗದಿಂದಲೇ ಬಂದದ್ದು.

ನಮ್ಮ ಮೀನಿನ ತಲೆ ಎಡಕ್ಕಿತ್ತು. ಆರು ವರ್ಷ ಅದನ್ನು ನೋಡಿಕೊಂಡೇ ಕರಿಹಲಗೆಯ ಮೇಲೆ ಚಿತ್ರ ಬರೆದಿದ್ದೇನೆ. ಈಗ ಪೆಟ್ಟಿಗೆಯಲ್ಲಿದ್ದ ಮೀನಿನ ತಲೆ ಬಲಕ್ಕಿತ್ತು.

ಪ್ರಭಾರಿ ಪ್ರಾಂಶುಪಾಲ ನಂದೀಶ್ ಬಂದು ನೋಡಿದರು. ಅವರು ವಾಣಿಜ್ಯ ವಿಭಾಗದವರು. ಆ ಕೋಣೆ ತೆರವಾದರೆ ಅಲ್ಲಿ ಕಂಪ್ಯೂಟರ್ ಇಡಿಸಬೇಕೆಂದು ವರ್ಷದಿಂದ ಕಾಯುತ್ತಿದ್ದವರು. ಯಾರೋ ಕಲ್ಲನ್ನು ತಿರುಗಿಸಿ ಇಟ್ಟಿರಬೇಕು, ಅದಕ್ಕೇಕೆ ಇಷ್ಟು ಗಲಾಟೆ ಎಂದರು. ಆದರೆ ಮಾದರಿಗಳನ್ನು ಒಯ್ಯಲು ಕೋಲಾರದಿಂದ ಬಂದಿದ್ದವರು ಒಪ್ಪಲಿಲ್ಲ. ಅವರ ಕೈಯಲ್ಲಿದ್ದ ಹಳೆಯ ಫೋಟೊದಲ್ಲಿ ತಲೆ ಎಡಕ್ಕಿತ್ತು. ಪಟ್ಟಿಗೂ ವಸ್ತುವಿಗೂ ತಾಳೆಯಾಗದೆ ಸಹಿ ಹಾಕುವುದಿಲ್ಲ ಎಂದು ಖಾಲಿ ವ್ಯಾನಿನಲ್ಲಿ ವಾಪಸು ಹೋದರು.

ಕೋಣೆಗೆ ಇದ್ದದ್ದು ಒಂದೇ ಬೀಗದ ಕೈ. ಅದು ಇದ್ದದ್ದು ಅಟೆಂಡರ್ ಚನ್ನರಾಯಪ್ಪನ ಬಳಿ. ರಾಯಲ್ಪಾಡಿನ ಕಡೆಯ ಮನುಷ್ಯ, ಮೂವತ್ತಾರು ವರ್ಷದ ಸೇವೆ, ಆ ತಿಂಗಳ ಕೊನೆಗೆ ನಿವೃತ್ತಿ. ನಂದೀಶ್ ಆ ಮಧ್ಯಾಹ್ನವೇ ಅವನ ಕೈಗೆ ಅಮಾನತಿನ ಕಾಗದ ಕೊಟ್ಟರು, ಪೊಲೀಸರಿಗೂ ದೂರು ಬರೆದರು.

ಎರಡು ಗಂಟೆಗೆ ಠಾಣೆಯಿಂದ ಬಂದವರು ಎ.ಎಸ್.ಐ. ಗಂಗರತ್ನಮ್ಮ. ಐವತ್ತಾರರ ಸುಮಾರು ವಯಸ್ಸು, ದಪ್ಪ ಕನ್ನಡಕ, ಮಾತು ಕಮ್ಮಿ. ಕಲ್ಲು ಮೀನಿನ ಕೇಸು ಎಂದು ಠಾಣೆಯಲ್ಲಿ ಎಲ್ಲರೂ ನಕ್ಕರೆಂದೂ, ಯಾರೂ ಬರಲೊಪ್ಪದೆ ತನಗೆ ಬಂತೆಂದೂ ಅವರೇ ಹೇಳಿದರು.

ಮೊದಲು ಅವರು ಕೇಳಿದ್ದು, ಕಲ್ಲನ್ನು ತಿರುಗಿಸಿ ಇಟ್ಟರೆ ತಲೆ ಬಲಕ್ಕೆ ಬರುವುದಿಲ್ಲವೇ ಎಂದು. ನಾನು ಉತ್ತರ ಹುಡುಕುವಷ್ಟರಲ್ಲಿ ತಾವೇ ತಮ್ಮ ಎಡಗಾಲಿನ ಬೂಟನ್ನು ನೋಡಿಕೊಂಡು, "ಇಲ್ಲ ಬಿಡಿ. ಎಡಗಾಲಿನದನ್ನ ಹೆಂಗೆ ತಿರುಗಿಸಿದ್ರೂ ಬಲಗಾಲಿನದು ಆಗಲ್ಲ. ತಲೆ ಬಲಕ್ಕೆ ಬಂದ್ರೆ ಬೆನ್ನು ಕೆಳಕ್ಕೆ ಹೋಗ್ಬೇಕು" ಎಂದರು.

ಇದು ನಕಲಿ, ಗಾರೆಯಲ್ಲಿ ಅಚ್ಚು ತೆಗೆದದ್ದು ಎಂಬುದು ನನ್ನ ಅನುಮಾನ. ಯಾರೋ ತಿರುವುಮುರುವಾದ ಫೋಟೊ ಇಟ್ಟುಕೊಂಡು ಮಾಡಿಸಿ, ಅಸಲಿಯನ್ನು ಹಾರಿಸಿದ್ದಾರೆ. ಅದನ್ನೇ ಹೇಳಿದೆ. ಗಂಗರತ್ನಮ್ಮ ಗಾಜನ್ನು ಸರಿಸಿ ಕಲ್ಲನ್ನು ಎತ್ತಿದರು. ಬೈಕಿನ ಕೀಲಿಯಿಂದ ಅಂಚನ್ನು ಕೆರೆದರು. ಹೆಬ್ಬೆರಳಿನಿಂದ ಮೀನಿನ ಮೈಯನ್ನು ತಲೆಯಿಂದ ಬಾಲದವರೆಗೆ ಸವರಿದರು. ನಾನು ಎಂದೂ ಅದನ್ನು ಮುಟ್ಟಿದವಳಲ್ಲ. ಮಾದರಿಗಳನ್ನು ಮುಟ್ಟಬಾರದೆಂದು ಓದುವ ದಿನಗಳಲ್ಲಿ ಕಲಿತದ್ದು ಪಾಠ ಹೇಳುವಾಗಲೂ ಉಳಿದುಕೊಂಡಿತ್ತು.

"ಗಾರೆ ಅಲ್ಲ. ಕಲ್ಲೇ," ಎಂದರು. "ಇಂಥದು ಈ ಕಡೆ ಎಲ್ಲಾದ್ರೂ ಸಿಗುತ್ತಾ?"

ಸಿಗುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಎಲ್ಲಿ ಅಗೆದರೂ ಒಂದು ಮೀನಿನ ಮುಳ್ಳೂ ಸಿಗುವುದಿಲ್ಲ. ನಮ್ಮ ಬಂಡೆಗಳು ಮೀನು ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನವು. ಈ ಸೀಮೆಯಲ್ಲಿ ಆ ಮೀನು ಒಂಟಿ.

"ಹಂಗಾದ್ರೆ ಕಳ್ಳ ಒಂದು ತಗೊಂಡು, ಅಂಥದೇ ಇನ್ನೊಂದನ್ನ ಇಟ್ಟು ಹೋಗಿದ್ದಾನೆ. ಇಂಥ ಕಳ್ಳನ್ನ ನಾನು ನೋಡಿಲ್ಲ."

ಆಮೇಲೆ ಅವರು ಹಲಗೆಯನ್ನು ನೋಡುತ್ತ ನಿಂತರು. ಜಾಡಿಗಳ ಮುಚ್ಚಳದ ಮೇಲೆ ತಿಂಗಳುಗಟ್ಟಲೆ ಕೂತ ಧೂಳು. ಆ ಧೂಳಿನಲ್ಲಿ ಬೆರಳ ಗುರುತುಗಳು — ಬಾಗಿಲ ಹತ್ತಿರದ ಮೊದಲ ಜಾಡಿಯಿಂದ ಹನ್ನೊಂದನೆಯದರವರೆಗೆ, ಪ್ರತಿಯೊಂದರ ಮೇಲೂ. ಚನ್ನರಾಯಪ್ಪ ಒರೆಸಿದ ಚಂದ ಅದು, ಯಾವತ್ತೂ ಹೀಗೇ ಎಂದರು ನಂದೀಶ್. ಗಂಗರತ್ನಮ್ಮ ಆ ಗುರುತುಗಳ ಫೋಟೊ ತೆಗೆದುಕೊಂಡರು. ಪೆಟ್ಟಿಗೆಯಲ್ಲಿದ್ದ ಮೀನಿನದೂ ಒಂದು ತೆಗೆದರು.

ನಾನು ಸರಿಯಾದ ಮೀನನ್ನು ಕೊನೆಗೆ ನೋಡಿದ್ದು ಯಾವಾಗ? ದಸರಾ ರಜೆಗೆ ಮುಂಚೆ. ಆಮೇಲೆ ಕೋಣೆಗೆ ಯಾರು ಬಂದಿದ್ದರು? ಕಂಪ್ಯೂಟರ್ ಮೇಜಿಗೆ ಅಳತೆ ತೆಗೆಯಲು ಒಬ್ಬ ಬಡಗಿಯನ್ನು ಕರೆತಂದಿದ್ದೆ ಎಂದು ನಂದೀಶ್ ಒಪ್ಪಿಕೊಂಡರು. ಹತ್ತು ನಿಮಿಷ, ತಾನೂ ಜೊತೆಗಿದ್ದೆ. ಇಂಥ ಕಲ್ಲುಗಳಿಗೆ ಹೊರದೇಶದಲ್ಲಿ ಗಿರಾಕಿಗಳಿದ್ದಾರೆಂದು ಸ್ಟಾಫ್ ರೂಮಿನಲ್ಲಿ ಅವರು ಒಮ್ಮೆ ಹೇಳಿದ್ದು ನನಗೆ ನೆನಪಿತ್ತು. ಅದನ್ನೂ ಹೇಳಿದೆ. ನಂದೀಶ್ ಮುಖ ಕೆಂಪಗಾಯಿತು. ಕೆಲಸ ಹೋಗುವ ಸಂಕಟದಲ್ಲಿ ಈಕೆಯೇ ಏನಾದರೂ ಮಾಡಿರಬಹುದಲ್ಲ ಎಂದು ನನ್ನ ಎದುರಿಗೇ ಕೇಳಿದರು.

ಚನ್ನರಾಯಪ್ಪನನ್ನು ಹೊರಗಿನ ಬೇವಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಗಂಗರತ್ನಮ್ಮ ಅರ್ಧ ಗಂಟೆ ಮಾತಾಡಿಸಿದರು. ಬೀಗದ ಕೈ ಯಾರಿಗಾದರೂ ಕೊಟ್ಟಿದ್ದೆಯಾ? ಇಲ್ಲ. ಬೇರೆ ಯಾರಾದರೂ ಬಂದಿದ್ದರಾ? ಅವನು ನೆಲ ನೋಡಿದ. ಕೆಲಸದ ಕೊನೆಯಲ್ಲಿ ಕೆಟ್ಟ ಹೆಸರು ಹೊತ್ತುಕೊಂಡು ಹೋಗುತ್ತೀಯಾ ಎಂದು ಕೇಳಿದಾಗ ಅವನಿಗೆ ಕನ್ನಡವೇ ಹೊರಡಲಿಲ್ಲ.

"ನಾಕು ತೆಲೀದು ತಲ್ಲೀ," ಎಂದ. ನನಗೆ ಗೊತ್ತಿಲ್ಲ ತಾಯಿ. ಅಷ್ಟೇ. ಎಷ್ಟು ಕೇಳಿದರೂ ಅಷ್ಟೇ.

"ಗೊತ್ತಿಲ್ಲದವರು ಹಿಂಗೆ ಸುಮ್ಮನಿರಲ್ಲ," ಎಂದರು ಗಂಗರತ್ನಮ್ಮ, ನನ್ನ ಬಳಿ ಬಂದು. "ಇವ್ರು ಏನೋ ಗುಟ್ಟನ್ನ ಕಾಯ್ತಾ ಇದ್ದಾರೆ. ಆ ಮೀನು ಕಾಲೇಜಿಗೆ ಬಂದಿದ್ದಾದ್ರೂ ಹೆಂಗೆ?"

ಅದು ಕೋದಂಡರಾಮಪ್ಪ ಸರ್ ತಂದದ್ದು. ಅದೇ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಹೇಳಿದವರು. ನನಗೂ ಪಾಠ ಹೇಳಿದವರು. ಹರೆಯದಲ್ಲಿ ಒಂದು ವರ್ಷ ಸ್ಕಾಟ್ಲೆಂಡಿಗೆ ಓದಲು ಹೋಗಿದ್ದಾಗ ಸಿಕ್ಕ ಮೀನನ್ನು ಊರಿಗೆ ತಂದು ಕಾಲೇಜಿಗೆ ದಾನ ಕೊಟ್ಟಿದ್ದರು. ಅವರನ್ನು ಒಮ್ಮೆ ಕೇಳಿಬಿಡೋಣ, ನೋಡಿದ ತಕ್ಷಣ ಇದು ಬೇರೆ ಎಂದು ಅವರು ಹೇಳುತ್ತಾರೆ ಎಂದು ನಾನೇ ಗಂಗರತ್ನಮ್ಮನವರನ್ನು ಹೊರಡಿಸಿದೆ.

ಸರ್ ಮದುವೆಯಾದವರಲ್ಲ. ಮಾವಿನ ಮಂಡಿಯ ಹಿಂದಿನ ಬೀದಿಯಲ್ಲಿ, ಹಾಲಿನ ಡೈರಿಯ ಮೇಲೆ ಒಂದು ಬಾಡಿಗೆ ಕೋಣೆ. ಕಾಲೇಜಿನಿಂದ ಇಪ್ಪತ್ತು ನಿಮಿಷದ ದಾರಿ. ವಾರಕ್ಕೆ ನಾಲ್ಕು ದಿನ ಆ ಊರಿಗೆ ಬರುತ್ತಿದ್ದ ನಾನು ನಾಲ್ಕು ವರ್ಷದಿಂದ ಆ ಮೆಟ್ಟಿಲು ಹತ್ತಿರಲಿಲ್ಲ. ಮೊದಲು ಬಸ್ಸಿನ ಹೊತ್ತಿನ ನೆಪ, ಆಮೇಲೆ ಇಷ್ಟು ದಿನ ಹೋಗದೆ ಈಗ ಹೇಗೆ ಹೋಗುವುದು ಎಂಬ ನಾಚಿಕೆ.

ಬಾಗಿಲು ತೆರೆದೇ ಇತ್ತು. ಎದುರಿಗೆ ನಿಂತಿದ್ದರೂ ಸರ್ "ಯಾರು?" ಎಂದರು. ನನಗೆ ಚುಚ್ಚಿದ ಹಾಗಾಯಿತು. ಬೇಕೆಂದೇ ಗುರುತಿಸುತ್ತಿಲ್ಲ, ನನಗೆ ಇದೇ ಆಗಬೇಕು ಅಂದುಕೊಂಡೆ. ಹೆಸರು ಹೇಳಿದ ಮೇಲೆ ಮಾತ್ರ ಅವರ ಮುಖ ಅರಳಿತು. ಒಳಗೆ ಮಬ್ಬು. ಗಂಗರತ್ನಮ್ಮನವರೇ ದೀಪದ ಸ್ವಿಚ್ ಒತ್ತಿದರು. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಗೋಡೆಗೆ ಒತ್ತಿ ಜೋಡಿಸಿದ ಪುಸ್ತಕಗಳು. ಎಲ್ಲವೂ ಅಚ್ಚುಕಟ್ಟು. ಯಾರೂ ಬಂದು ಕೂರದ ಕೋಣೆಯ ಅಚ್ಚುಕಟ್ಟು.

ಗಂಗರತ್ನಮ್ಮ ಕಳವಿನ ಮಾತು ಎತ್ತಲಿಲ್ಲ. ಕಾಲೇಜಿನ ಮೀನಿನ ಬಗ್ಗೆ ಒಂದು ಸಂಶಯ ಬಂದಿದೆ ಎಂದಷ್ಟೇ ಹೇಳಿ, ಆ ದಿನ ತೆಗೆದ ಫೋಟೊವನ್ನು ಮೊಬೈಲಿನಲ್ಲಿ ಅವರ ಮುಂದೆ ಹಿಡಿದರು. ಸರ್ ಮೊಬೈಲನ್ನು ತೆಗೆದುಕೊಂಡು, ಮುಖದ ಹತ್ತಿರ ತಂದು ತುಂಬ ಹೊತ್ತು ನೋಡಿದರು.

"ಇದೇ ಮೀನು. ತಲೆ ಎಡಕ್ಕೆ, ಬಾಲದ ತುದಿ ಸ್ವಲ್ಪ ಮುಕ್ಕಾಗಿದೆ. ನಮ್ಮದೇ. ಸಂಶಯ ಬೇಡ."

ಮೆಟ್ಟಿಲಿಳಿಯುವಾಗ ನನಗೆ ಅಳು ಬಂತು. ಆ ಮೀನನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು, ನಾನು ಹೇಳಿದ್ದು ಸುಳ್ಳು ಎಂದಂತಾಗಿತ್ತು. ಆರು ವರ್ಷದ ನನ್ನ ಕಣ್ಣನ್ನೂ, ಕೋಲಾರದವರ ಹಳೆಯ ಫೋಟೊವನ್ನೂ ನಾನು ನಂಬಲಾರದೆ ಹೋದೆ. ಗಂಗರತ್ನಮ್ಮ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು, ನಾಳೆ ಬೇಗ ಬನ್ನಿ ಎಂದರು. ಮುಳಬಾಗಿಲಿನವರೆಗೂ ಕಿಟಕಿಯ ಪಕ್ಕ ಕೂತು ತಲೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಬೆರಳಿನಿಂದ ಗಾಜಿನ ಮೇಲೆ ಬರೆದು ನೋಡುತ್ತಿದ್ದೆ.

ಮರುದಿನ ಒಂಬತ್ತಕ್ಕೇ ಅವರು ಮಾದರಿ ಕೋಣೆಯಲ್ಲಿ ಕಾಯುತ್ತಿದ್ದರು. ಪೆಟ್ಟಿಗೆಯ ಗಾಜು ತೆಗೆದಿತ್ತು.

"ಮುಟ್ಟಿ ನೋಡಿ," ಎಂದರು.

ನಾನು ಹಿಂಜರಿದೆ. ಆಮೇಲೆ ಮುಟ್ಟಿದೆ. ಬೆರಳು ಮೀನಿನ ಮೇಲೆ ಹತ್ತಲಿಲ್ಲ, ಒಳಕ್ಕೆ ಇಳಿಯಿತು. ಮೀನು ಉಬ್ಬಿರಲಿಲ್ಲ, ಕಲ್ಲಿನಲ್ಲಿ ತಗ್ಗಾಗಿತ್ತು. ತಗ್ಗಿನೊಳಗೂ ಕಪ್ಪು ಪದರ ಅಂಟಿಕೊಂಡಿದ್ದರಿಂದ ಗಾಜಿನ ಮೇಲಿಂದ ನೋಡುವವರಿಗೆ ಎರಡೂ ಒಂದೇ ಥರ.

ಈ ಮೀನು ಸಿಕ್ಕಿದ ಬಗೆಯನ್ನು ನಿಮ್ಮ ಮೇಷ್ಟ್ರು ಏನೆಂದು ಹೇಳುತ್ತಿದ್ದರು ಎಂದು ಗಂಗರತ್ನಮ್ಮ ಕೇಳಿದರು. ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದರು: ಕಲ್ಲಿನ ಪದರಕ್ಕೆ ಉಳಿ ಕೊಟ್ಟು ಸುತ್ತಿಗೆಯಲ್ಲಿ ಒಂದು ಏಟು, ಅವರೆಕಾಯಿ ಬಿಡಿಸಿದ ಹಾಗೆ ಕಲ್ಲು ತೆರೆದುಕೊಂಡಿತು, ಒಳಗೆ ಮೀನು.

"ಅವರೆಕಾಯಿ ಬಿಡಿಸಿದ್ರೆ ಸಿಪ್ಪೆ ಎಷ್ಟಾಗುತ್ತೆ?"

ಎರಡು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಒಂದರಲ್ಲಿ ಉಬ್ಬಿದ ಮೀನು, ತಲೆ ಎಡಕ್ಕೆ. ಇನ್ನೊಂದರಲ್ಲಿ ಅದೇ ಮೀನಿನ ತಗ್ಗು, ತಲೆ ಬಲಕ್ಕೆ. ಉಬ್ಬಿದ್ದನ್ನು ಕಾಲೇಜಿಗೆ ಕೊಟ್ಟಿದ್ದರು. ಇನ್ನರ್ಧ ಎಲ್ಲಿ ಹೋಯಿತೆಂದು ಇಷ್ಟು ವರ್ಷ ನಾವ್ಯಾರೂ ಕೇಳಿರಲಿಲ್ಲ.

ಆದರೆ ಯಾಕೆ? ಎರಡೂ ಒಂದೇ ಮೀನು. ತನ್ನ ಬಳಿ ಒಂದು ಇಟ್ಟುಕೊಂಡವರು ಇನ್ನೊಂದನ್ನು ಕದಿಯುವುದೇಕೆ?

ಗಂಗರತ್ನಮ್ಮ ಹಲಗೆಯ ಕಡೆ ಕೈ ತೋರಿಸಿದರು. ಒರೆಸಿದ ಧೂಳು ಹೀಗೆ ಇರುವುದಿಲ್ಲ. ಬಟ್ಟೆ ಇಡೀ ಮುಚ್ಚಳವನ್ನು ಸವರುತ್ತದೆ. ಇಲ್ಲಿ ಪ್ರತಿ ಜಾಡಿಯ ಮೇಲೆ ನಾಲ್ಕು ಬೆರಳು ಮಾತ್ರ ಒತ್ತಿ ಮುಂದೆ ಹೋಗಿದೆ. ಯಾರೋ ಬಾಗಿಲಿನಿಂದ ಎಣಿಸಿಕೊಂಡು ಬಂದಿದ್ದಾರೆ. ಹನ್ನೊಂದು ಎಣಿಸಿದ ಮೇಲೆ ಪೆಟ್ಟಿಗೆ ಎಂದು ಅವರಿಗೆ ಗೊತ್ತು. ಗೊತ್ತಿದ್ದವರು ನೆಟ್ಟಗೆ ಪೆಟ್ಟಿಗೆಯ ಬಳಿಗೇ ಹೋಗಬಹುದಿತ್ತು. ಬಾಗಿಲಲ್ಲಿ ನಿಂತರೆ ಅದು ಕಾಣುತ್ತದೆ.

"ಕಾಣೋರಿಗೆ ಕಾಣುತ್ತೆ," ಎಂದರು ಅವರು. "ನಿನ್ನೆ ಮೇಷ್ಟ್ರಿಗೆ ನಾನು ತೋರಿಸಿದ್ದು ಈ ಮೀನಿನ ಫೋಟೊ. ತಲೆ ಬಲಕ್ಕಿರೋದು. ಅವರು ಎಡಕ್ಕೆ ಅಂದ್ರು. ಅವರು ನೋಡಿ ಹೇಳಲಿಲ್ಲಮ್ಮ, ನೆನಪಿನಿಂದ ಹೇಳಿದ್ರು. ನಮ್ಮತ್ತೆ ಎರಡು ವರ್ಷ ಹಿಂಗೇ ಮುಚ್ಚಿಟ್ಟಿದ್ರು. ಒಲೆ ಮುಂದೆ ಸೀರೆಗೆ ಬೆಂಕಿ ಹತ್ತಿದ ದಿನವೇ ನಮಗೆ ಗೊತ್ತಾಗಿದ್ದು, ಅವರಿಗೆ ಕಣ್ಣಿಲ್ಲ ಅಂತ."

ಅವರು ಹೆಸರು ಹೇಳಬೇಕಾಗಿಯೇ ಇರಲಿಲ್ಲ. ಆದರೂ ಹೇಳಿದರು. ತೆಗೆದುಕೊಂಡು ಹೋದವರು ಕೋದಂಡರಾಮಪ್ಪ ಮೇಷ್ಟ್ರು. ತಗ್ಗಿನ ಮೀನು ಕಣ್ಣಿಗೆ ಮಾತ್ರ ಮೀನು. ಬೆರಳಿಗೆ ಬೇಕಾದದ್ದು ಉಬ್ಬಿದ್ದು.

ನಿನ್ನೆಯ ಆ "ಯಾರು?" ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು. ಅವರ ಎದುರಿಗೇ ನಿಂತು, ಅದು ನನ್ನ ಮೇಲಿನ ಮುನಿಸು ಎಂದುಕೊಂಡಿದ್ದೆ.

ನಾವು ಮತ್ತೆ ಮೆಟ್ಟಿಲು ಹತ್ತಿ ಹೋದಾಗ ಸರ್ ಮಂಚದ ಮೇಲೆ ಕೂತಿದ್ದರು. ಗಂಗರತ್ನಮ್ಮ ಆರೋಪ ಹೊರಿಸಲಿಲ್ಲ. ಚನ್ನರಾಯಪ್ಪನಿಗೆ ಅಮಾನತಾಗಿದೆ, ಈ ತಿಂಗಳ ಕೊನೆಗೆ ಅವನ ನಿವೃತ್ತಿ, ಯಾರು ಬಂದಿದ್ದರೆಂದು ಎಷ್ಟು ಕೇಳಿದರೂ ಬಾಯಿ ಬಿಡುತ್ತಿಲ್ಲ — ಇಷ್ಟನ್ನೇ ಹೇಳಿದರು. ಸರ್ ಮುಖ ಬಿಳಿಚಿಕೊಂಡಿತು. ಎದ್ದು, ನಾಲ್ಕು ಹೆಜ್ಜೆ ಎಣಿಸಿದಂತೆ ನಡೆದು, ಮೇಜಿನ ಖಾನೆ ಎಳೆದರು. ಪಂಚೆಯ ತುಂಡಿನಲ್ಲಿ ಸುತ್ತಿದ ಕಲ್ಲನ್ನು ಹೊರಗೆ ತೆಗೆದರು.

"ನಿನ್ನೆ ಅವನ ಹೆಸರು ಹೇಳಿದ್ರೆ ನಿನ್ನೆಯೇ ಕೊಡ್ತಿದ್ದೆ ತಾಯಿ. ನಮ್ಮದೇ ಅಂದುಬಿಟ್ರೆ ಅಲ್ಲಿಗೇ ಮುಗಿಯುತ್ತೆ ಅಂದ್ಕೊಂಡೆ."

ಆಮೇಲೆ ನಿಧಾನವಾಗಿ ಎಲ್ಲವನ್ನೂ ಹೇಳಿದರು. ಮೂರು ವರ್ಷದಿಂದ ಕಣ್ಣು ಅಂಚಿನಿಂದ ಮಂಜಾಗುತ್ತ ಬಂತು. ವಾಸಿಯಾಗುವುದಿಲ್ಲವೆಂದು ಕೋಲಾರದ ವೈದ್ಯರು ಹೇಳಿದರು. ಯಾರಿಗೂ ತಿಳಿಸಲಿಲ್ಲ, ತಿಳಿಸಲು ಹತ್ತಿರದವರೆಂದು ಯಾರೂ ಇರಲೂ ಇಲ್ಲ. ಈಗ ಬೆಳಕಿದೆಯೋ ಇಲ್ಲವೋ ಎಂದಷ್ಟೇ ಗೊತ್ತಾಗುತ್ತದೆ. ಪುಸ್ತಕ ಹೋಯಿತು, ಪತ್ರಿಕೆ ಹೋಯಿತು. ಮೇಜಿನ ಮೇಲಿದ್ದ ಅರ್ಧ ಮೀನನ್ನು ಮುಟ್ಟಿದರೆ ಬರೀ ಕುಳಿ. ವಿಭಾಗ ಮುಚ್ಚುತ್ತಾರಂತೆ, ಸಾಮಾನೆಲ್ಲ ಕೋಲಾರಕ್ಕೆ ಹೋಗುತ್ತದಂತೆ ಎಂದು ಡೈರಿಯಲ್ಲಿ ಯಾರೋ ಆಡಿಕೊಂಡದ್ದು ಕಿವಿಗೆ ಬಿತ್ತು. ನವೆಂಬರಿನಲ್ಲಿ ಒಂದು ಮಧ್ಯಾಹ್ನ, ಇನ್ನರ್ಧವನ್ನು ಚೀಲದಲ್ಲಿ ಹಾಕಿಕೊಂಡು, ಮೂವತ್ತೊಂದು ವರ್ಷ ನಡೆದ ದಾರಿಯಲ್ಲಿ ನಡೆದು ಹೋದರು. ಗೇಟಿನಲ್ಲಿ ಚನ್ನರಾಯಪ್ಪ ಕೈ ಹಿಡಿದುಕೊಂಡ. ಹಿಡಿದ ಕೂಡಲೇ ಕಣ್ಣು ಹೋಗಿದೆಯೆಂದು ಅವನಿಗೆ ತಿಳಿಯಿತು. ಯಾರಿಗೂ ಹೇಳಬೇಡ ಎಂದು ಅವನಿಂದ ಮಾತು ತೆಗೆದುಕೊಂಡರು. ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ ಎಂದಾಗ ಅವನು ಬೀಗ ತೆಗೆದು, ಬೆಲ್ ಹೊಡೆಯಲು ಹೋದ. ಅಷ್ಟು ಹೊತ್ತು ಸಾಕಾಯಿತು.

"ಕೇಳಿದ್ರೆ ನಾವೇ ಕೊಡ್ತಿದ್ವಲ್ಲ ಸರ್," ಎಂದೆ.

"ಕೇಳ್ಬೇಕಾದ್ರೆ ಯಾಕೆ ಅಂತ ಹೇಳ್ಬೇಕಾಗಿತ್ತು ಮಾನಸ. ಕಣ್ಣಿರೋವ್ರಿಗೆ ಆ ಅರ್ಧ ಸಾಕು ಅಂದ್ಕೊಂಡೆ. ತಪ್ಪು ನಂದೇ. ಬರ್ಕೊಳ್ಳಿ."

ಗಂಗರತ್ನಮ್ಮ ಏನನ್ನೂ ಬರೆದುಕೊಳ್ಳಲಿಲ್ಲ. ಕಿಟಕಿಯ ಬಳಿ ಹೋಗಿ, ನಂದೀಶ್‌ಗೆ ಫೋನ್ ಮಾಡಿ, ದಾನ ಕೊಟ್ಟವರ ಬಳಿಯಿದ್ದ ಅರ್ಧದೊಂದಿಗೆ ಕಲ್ಲು ಅದಲುಬದಲಾಗಿದೆ, ಸಿಕ್ಕಿದೆ, ಚನ್ನರಾಯಪ್ಪನ ಆದೇಶ ಇವತ್ತೇ ರದ್ದಾಗಬೇಕು, ದೂರನ್ನೂ ವಾಪಸು ತೆಗೆದುಕೊಳ್ಳಿ ಎಂದು ಹೇಳಿದರು. ಆ ಕಡೆಯಿಂದ ಬಹಳ ಮಾತು ಬಂತು. ಅವರು ಅದನ್ನೆಲ್ಲ ಕೇಳಿಸಿಕೊಂಡು, ಅದೇ ಮಾತುಗಳನ್ನು ಮತ್ತೆ ಹೇಳಿದರು. ಕೊನೆಗೆ ನಂದೀಶ್ ಒಪ್ಪಿಕೊಂಡರು.

ಕಲ್ಲನ್ನು ನಾನು ತೆಗೆದುಕೊಳ್ಳಬೇಕಿತ್ತು. ಸರ್ ಅದನ್ನು ಇನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಕೊಡೋ ಮುಂಚೆ ಒಂದು ಕೆಲ್ಸ ಮಾಡಮ್ಮ," ಎಂದರು. ಅವರ ದನಿ ತರಗತಿಯ ದನಿಯಾಗಿತ್ತು. "ಎದೆ ರೆಕ್ಕೆ ಹಿಂದೆ, ಹೊಟ್ಟೆ ಕಡೆ ನೋಡು. ಅಲ್ಲೊಂದು ಸಣ್ಣ ಏಣು ಇದೆ. ನಲವತ್ತು ವರ್ಷ ಕಣ್ಣಿಂದ ನೋಡಿದಾಗ ನನಗೆ ಅದು ಕಂಡಿರ್ಲಿಲ್ಲ. ಈ ಒಂದು ತಿಂಗಳಲ್ಲಿ ಬೆರಳಿಗೆ ಸಿಕ್ತು. ಮೂಳೆ ಥರ ಇದೆ. ಅಲ್ಲಿ ಮೂಳೆ ಇದೆ ಅಂತ ಯಾರೂ ಬರೆದಿಲ್ಲ. ಮೇಜಿನ ಮೇಲೆ ಭೂತಕನ್ನಡಿ ಇದೆ."

ನಾನು ಭೂತಕನ್ನಡಿ ಹಿಡಿದು ಕಲ್ಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಅವರ ಬೆರಳಾಡಿದ ಕಡೆಯೆಲ್ಲ ಹುರುಪೆಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಅವರು ಹೇಳಿದ ಜಾಗದಲ್ಲಿ ಏಣು ಇತ್ತು. ಅಕ್ಕಿಕಾಳಿನಷ್ಟು ಉದ್ದ. ಹುರುಪೆಗಳ ಸಾಲಿಗೆ ಅಡ್ಡವಾಗಿ ಹೋಗಿತ್ತು. ಅದರ ಎರಡೂ ಪಕ್ಕ ಕಲ್ಲು ಜಜ್ಜಿಹೋಗಿತ್ತು. ಮೂಳೆಯ ಕಪ್ಪು ಅದರಲ್ಲಿ ಎಲ್ಲೂ ಇರಲಿಲ್ಲ.

ಸರ್ ನನ್ನ ಕಡೆಗೆ ಮುಖ ಮಾಡಿ ಕಾಯುತ್ತಿದ್ದರು. ಮುಖ ಸ್ವಲ್ಪ ಪಕ್ಕಕ್ಕೆ, ನಾನಿಲ್ಲದ ಕಡೆಗೆ ತಿರುಗಿತ್ತು. ಹೌದು, ಮೂಳೆಯೇ ಎಂದುಬಿಡಬಹುದಿತ್ತು. ಗಂಗರತ್ನಮ್ಮ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು. ಕಂಡದ್ದನ್ನು ಮಾತ್ರ ಬರೆಯಬೇಕು, ಇರಲಿ ಎಂದು ಆಸೆಪಟ್ಟದ್ದನ್ನಲ್ಲ ಎಂದು ಹದಿನೆಂಟು ವರ್ಷದ ನನಗೆ ಕಲಿಸಿದವರು ಇವರು. ಇವರಿಗೆ ಇನ್ನು ನನ್ನ ಕಣ್ಣು ಬಿಟ್ಟರೆ ಬೇರೆ ಕಣ್ಣಿರಲಿಲ್ಲ.

"ಉಳಿ ತಾಗಿದ ಗುರುತು ಸರ್," ಎಂದೆ. "ಮೂಳೆ ಅಲ್ಲ."

ಕೆಳಗೆ ಡೈರಿಯಲ್ಲಿ ಹಾಲಿನ ಕ್ಯಾನುಗಳನ್ನು ತೊಳೆಯುವ ಸದ್ದು ಕೇಳುತ್ತಿತ್ತು.

"ನಂದೇ ಉಳಿ ಹಾಗಾದ್ರೆ," ಎಂದರು. "ಅವತ್ತು ಭಾಳ ಚಳಿ ಇತ್ತು. ಕೈ ನಡುಗ್ತಾ ಇತ್ತು."

ಕೈ ಚಾಚಿದರು. ನಾನು ಕಲ್ಲನ್ನು ಮತ್ತೆ ಅವರ ಮಡಿಲಲ್ಲಿಟ್ಟೆ. ಬೆರಳು ತಲೆಯಿಂದ ಇಳಿಯುತ್ತ ಬಂದು ಆ ಗೀರಿನ ಮೇಲೆ ನಿಂತಿತು. ಗಂಗರತ್ನಮ್ಮ ಬೂಟಿನ ಸದ್ದಾಗದಂತೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಾನು ಕುರ್ಚಿ ಎಳೆದುಕೊಂಡೆ. ಮುಳಬಾಗಿಲಿಗೆ ಹನ್ನೆರಡರ ಬಸ್ಸು ಹೋಯಿತು, ಒಂದೂವರೆಯದೂ ಹೋಯಿತು. ಅವರು ಕಲ್ಲನ್ನು ಕೊಡುವ ತನಕ ನಾನು ಕೇಳಲಿಲ್ಲ.